ಬೇಸಿಗೆಯೆಂದು ಟೈರಿನ ಗಾಳಿ ಇಳಿಸಬೇಡಿ

ಮಾರ್ಚ್ ಬಂತೆಂದರೆ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಪಂಚರ್ ಅಂಗಡಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಬ್ಯಾಸಿಗಿ ಐತ್ರೀ, ಹವಾ ಸ್ವಲ್ಪ ಕಮ್ಮಿ ಇರ್ಲಿ.’ ಕಂಪನಿ 33 ಪಿಎಸ್‌ಐ ಹೇಳಿದ್ದರೆ 28ಕ್ಕೆ ನಿಲ್ಲಿಸುತ್ತಾರೆ. ಕಾರಿನವರು ತಲೆಯಾಡಿಸಿ ದುಡ್ಡು ಕೊಟ್ಟು ಹೊರಡುತ್ತಾರೆ. ಬೆಂಗಳೂರಿನ ಓದಿದವರೂ ಊರಿನ ದಾರಿ ಹಿಡಿಯುವ ಮುಂಚೆ ಇದನ್ನೇ ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದ ಕೊಡುವ ಸಲಹೆಯಿದು, ಆದರೆ ತಪ್ಪು ಸಲಹೆ. ಬೇಸಿಗೆ ಪ್ರಯಾಣಕ್ಕೆ ಕಾರು ಸಜ್ಜುಮಾಡುವ ಹೆಸರಿನಲ್ಲಿ ನಾವು ಮಾಡುವ ಕೆಲಸಗಳಲ್ಲಿ ಇದರಷ್ಟು ಅಪಾಯದ್ದು ಇನ್ನೊಂದಿಲ್ಲ ಎಂದೇ ನನ್ನ ವಾದ.

ಸಲಹೆಯ ಹಿಂದಿರುವ ತರ್ಕ ಎಲ್ಲರಿಗೂ ಗೊತ್ತು. ಗಾಳಿ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಟೈರ್ ಸಿಡಿಯುತ್ತದೆ. ಇದರ ಮೊದಲರ್ಧ ನಿಜ. ಬೆಳಗಿನ 27 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ಮಧ್ಯಾಹ್ನದ ಹೆದ್ದಾರಿಯಲ್ಲಿ ಓಡಿ, ಒಳಗಿನ ಗಾಳಿ 67 ಡಿಗ್ರಿಗೆ ಏರಿತೆನ್ನಿ. ಒತ್ತಡ 39ರ ಆಸುಪಾಸಿಗೆ ಬರುತ್ತದೆ. ಅಷ್ಟೇ. ಕಾರಿನ ಟೈರುಗಳ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡ ಸಾಮಾನ್ಯವಾಗಿ 44 ಇಲ್ಲವೇ 51 ಪಿಎಸ್‌ಐ, ಅದೂ ಟೈರು ತಣ್ಣಗಿರುವಾಗಿನ ಮಿತಿ. ಓಡುವಾಗ ಆರೇಳು ಪಿಎಸ್‌ಐ ಏರುತ್ತದೆ ಎಂಬುದನ್ನು ತಯಾರಕರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಆ ಏರಿಕೆಯೊಂದಕ್ಕೇ ಗಟ್ಟಿಮುಟ್ಟಾದ ಟೈರು ಸಿಡಿಯುವುದಿಲ್ಲ.

ಟೈರನ್ನು ಸಿಡಿಸುವ ಬಿಸಿಯ ಬಹುಪಾಲು ಹುಟ್ಟುವುದು ಟೈರಿನೊಳಗೇ. ಕಬ್ಬಿಣದ ತಂತಿಯನ್ನು ಒಂದೇ ಕಡೆ ಹಿಂದೆಮುಂದೆ ಬಗ್ಗಿಸುತ್ತ ಹೋದರೆ ಆ ಜಾಗ ಕೈ ಸುಡುವಷ್ಟು ಕಾಯುತ್ತದಲ್ಲ, ಟೈರಿನಲ್ಲಿ ಆಗುವುದೂ ಹಾಗೆಯೇ. ನೆಲ ತಾಗಿದಾಗಲೆಲ್ಲ ಪಕ್ಕೆ ಬಾಗುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ಸೆಕೆಂಡಿಗೆ 14–15 ಸುತ್ತು ತಿರುಗುತ್ತದೆ, ಸುತ್ತಿಗೊಂದು ಬಾಗು. ಗಾಳಿ ಕಮ್ಮಿಯಾದಷ್ಟೂ ಬಾಗು ಆಳವಾಗುತ್ತದೆ, ಬಾಗು ಆಳವಾದಷ್ಟೂ ರಬ್ಬರು ಕಾಯುತ್ತದೆ. ಕಾದ ರಬ್ಬರಿಗೂ ಒಳಗಿನ ಉಕ್ಕಿನ ಪಟ್ಟಿಗೂ ಇರುವ ಬೆಸುಗೆ ಸಡಿಲಗೊಳ್ಳುತ್ತದೆ. ಕೊನೆಗೊಮ್ಮೆ ಮೇಲ್ಪದರವೇ ಕಿತ್ತು ಬರುತ್ತದೆ. ಸಿಡಿಯಬಾರದೆಂದು ಗಾಳಿ ಇಳಿಸಿದವರು ಸಿಡಿಯುವುದಕ್ಕೆ ಬೇಕಾದ ಬಿಸಿಯನ್ನು ತಾವೇ ಒದಗಿಸಿದಂತಾಯಿತು.

ಇದು ಬರಿಯ ಪುಸ್ತಕದ ಮಾತಲ್ಲ. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವು ಹೆಚ್ಚಾಗಿ ಇದ್ದದ್ದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ. ಮೇಲ್ಪದರ ಕಿತ್ತು ಗಾಡಿ ಪಲ್ಟಿಯಾದ ಅಪಘಾತಗಳಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಅರಿಜೋನಾ, ಟೆಕ್ಸಾಸ್, ಫ್ಲಾರಿಡಾದಂಥ ಬಿಸಿಲು ರಾಜ್ಯಗಳಲ್ಲೇ ಈ ಅಪಘಾತಗಳು ಹೆಚ್ಚು. ಟೈರಿನಲ್ಲೇ ದೋಷವಿತ್ತು, ನಿಜ. ಆದರೆ ಎರಡೂ ಕಂಪನಿಗಳ ಜಗಳದ ನಡುವಿದ್ದ ಒಂದು ಅಂಕಿ ಗಾಳಿಯದು: ಫೋರ್ಡ್ ಹೇಳಿದ್ದು 26 ಪಿಎಸ್‌ಐ, ಫೈರ್‌ಸ್ಟೋನ್ ಬೇಕೆಂದದ್ದು 30. ಅದೇ ವರ್ಷ ಬಂದ ಕಾನೂನಿನ ಫಲವಾಗಿ ಅಲ್ಲಿನ ಹೊಸ ಕಾರುಗಳಿಗೆಲ್ಲ ಟೈರಿನ ಒತ್ತಡ ಗಮನಿಸುವ ವ್ಯವಸ್ಥೆ ಕಡ್ಡಾಯವಾಯಿತು. ಒತ್ತಡ ನಿಗದಿತ ಮಟ್ಟಕ್ಕಿಂತ ಶೇ. 25ರಷ್ಟು ಇಳಿದರೆ ದೀಪ ಹೊತ್ತಬೇಕು ಎಂಬುದು ನಿಯಮ. ಏರಿದರೆ ಎಚ್ಚರಿಸಬೇಕೆಂದು ಅದು ಕೇಳಲೇ ಇಲ್ಲ. ಅಷ್ಟು ಸಾವು ಕಂಡ ಮೇಲೆ ಅವರು ಯಾವುದಕ್ಕೆ ಹೆದರಿದರು ಎಂಬುದು ಇಲ್ಲಿ ಸ್ಪಷ್ಟವಾಗಿದೆ.

ನಮ್ಮಲ್ಲಿ ಈ ತಪ್ಪಿಗೆ ಇನ್ನೊಂದು ಜೊತೆಯಾಗುತ್ತದೆ, ಭಾರ. ಯುಗಾದಿಗೆ ಶ್ರೀಶೈಲಕ್ಕೆ, ರಜೆಗೆ ಅಜ್ಜಿಯ ಊರಿಗೆ, ಮದುವೆಗೆ ಎಂದು ಹೊರಡುವ ಕಾರಿನಲ್ಲಿ ಐದು ಜನರ ಜಾಗಕ್ಕೆ ಏಳು ಜನ, ಡಿಕ್ಕಿಯ ತುಂಬ ಚೀಲ, ಮೇಲೆ ಕ್ಯಾರಿಯರ್. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಕಾಣುತ್ತದೆ. ಅನೇಕ ಕಾರುಗಳ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ, ಕಮ್ಮಿ ಜನರಿದ್ದರೆ ಇಷ್ಟು, ಪೂರ್ತಿ ತುಂಬಿದ್ದರೆ ಇಷ್ಟು ಎಂದು. ಎರಡನೆಯದು ಹೆಚ್ಚಿನದು. ತುಂಬಿದ ಕಾರು ಹೆಚ್ಚು ಗಾಳಿ ಕೇಳುತ್ತಿರುವ ದಿನವೇ ನಾವು ಇದ್ದುದನ್ನೂ ಇಳಿಸಿರುತ್ತೇವೆ.

ಇನ್ನೂ ಕೆಟ್ಟದ್ದು ದಾರಿಯ ನಡುವೆ ಇಳಿಸುವುದು. ಚಹಾಕ್ಕೆ ನಿಂತಾಗ ಗೇಜ್ 39 ತೋರಿಸಿತೆಂದು ಗಾಬರಿಯಾಗಿ 33ಕ್ಕೆ ತಂದರೆ, ರಾತ್ರಿ ತಣಿದ ಮೇಲೆ ಅದೇ ಟೈರಿನಲ್ಲಿ ಉಳಿಯುವುದು 28ರಷ್ಟು. ಚೀಟಿಯ ಅಂಕಿ ತಣ್ಣನೆಯ ಟೈರಿನದು. ಗಾಳಿ ನೋಡಬೇಕಾದದ್ದು ಬೆಳಿಗ್ಗೆ ಹೊರಡುವ ಮುಂಚೆ, ಇಲ್ಲವೇ ಕಾರು ನಿಂತು ಮೂರು ತಾಸಾದ ಮೇಲೆ. ಬಿಸಿ ಟೈರಿನ ಗಾಳಿ ಬಿಡಲೇಬಾರದು. ಹಾಗೆಂದು ಚೀಟಿಗಿಂತ ಹೆಚ್ಚು ತುಂಬಿರೆಂದೂ ನಾನು ಹೇಳುತ್ತಿಲ್ಲ. ಅತಿಯಾದರೆ ಹಿಡಿತ ತಪ್ಪುತ್ತದೆ.

ನೈಟ್ರೋಜನ್ ಹಾಕಿಸಿದರೆ ಚಿಂತೆಯಿಲ್ಲ ಎನ್ನುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್. ಕಾದರೆ ಅದೂ ಹೆಚ್ಚುಕಮ್ಮಿ ಗಾಳಿಯಷ್ಟೇ ಹಿಗ್ಗುತ್ತದೆ. ಕೂಲೆಂಟ್ ಚಳಿ ದೇಶದವರಿಗೆ, ನಮಗೆ ನೀರೇ ಸಾಕು ಎಂಬ ನಂಬಿಕೆಯೂ ಇದೇ ಜಾತಿಯದು. ಕೂಲೆಂಟ್ ಕುದಿಬಿಂದುವನ್ನು ಏರಿಸುತ್ತದೆ, ಎಂಜಿನ್ ತುಕ್ಕು ಹಿಡಿಯದಂತೆ ಕಾಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ.

ನನ್ನ ಸಿಟ್ಟು ಪಂಚರ್ ಅಂಗಡಿಯವರ ಮೇಲಲ್ಲ. ಅಪಘಾತವಾದಾಗ ಬಿಸಿಲಿಗೆ ಟೈರ್ ಸಿಡಿಯಿತು ಎಂದು ನಾವೆಲ್ಲ ಮಾತು ಮುಗಿಸಿಬಿಡುತ್ತೇವೆ, ಅದು ನನ್ನನ್ನು ಕಾಡುತ್ತದೆ. ಟೈರಿಗೆ ಎಷ್ಟು ವಯಸ್ಸಾಗಿತ್ತು, ಎಷ್ಟು ಜನರಿದ್ದರು, ವೇಗವೆಷ್ಟು, ಗಾಳಿ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ವಯಸ್ಸು ತಿಳಿಯುವುದು ಸುಲಭ: ಪಕ್ಕೆಯ ಮೇಲೆ ಅಚ್ಚಾಗಿರುವ ತಯಾರಿಕೆಯ ಕೋಡಿನ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಹೆಚ್ಚು ಓಡದ ಕಾರಿನಲ್ಲಿ ಟೈರಿನ ಮೇಲಿನ ಗೀರುಗಳು ಆಳವಾಗಿಯೇ ಇರುತ್ತವೆ, ಆದರೆ ರಬ್ಬರು ಒಣಗಿ ಬಿರುಕು ಬಿಟ್ಟಿರಬಹುದು. ಸ್ವಂತದ್ದೊಂದು ಗೇಜ್ ಕಾರಿನಲ್ಲಿಟ್ಟುಕೊಳ್ಳಿ. ಹೊರಡುವ ದಿನ ಬೆಳಿಗ್ಗೆ ನಾಲ್ಕೂ ಚಕ್ರ ನೋಡಿ, ಕಾರು ಪೂರ್ತಿ ತುಂಬಿದ್ದರೆ ಚೀಟಿಯ ಎರಡನೆಯ ಅಂಕಿಗೆ ತುಂಬಿಸಿ, ವರ್ಷಗಟ್ಟಲೆ ಯಾರೂ ಮುಟ್ಟದ ಸ್ಟೆಪ್ನಿಯನ್ನೂ ಹೊರತೆಗೆದು ನೋಡಿ. ಗಾಳಿ ಹಾಕುವವನು ಕಮ್ಮಿ ಇರಲಿ ಎಂದರೆ, ಬೇಡಪ್ಪ, ಚೀಟಿಯಲ್ಲಿದ್ದಷ್ಟು ಹಾಕು ಎಂದು ಹೇಳಿ.