‘ಮನಿಬಾಲ್’ ಮರೆಸುವ ಲೆಕ್ಕ

ಮೈಕೆಲ್ ಲೂಯಿಸ್ ಅವರ ‘ಮನಿಬಾಲ್’ 2003ರಲ್ಲಿ ಪ್ರಕಟವಾದಂದಿನಿಂದ ಬಡ ತಂಡದ ಜಾಣ್ಮೆ ಸಿರಿವಂತರ ಹಣವನ್ನು ಮಣಿಸಿದ ಕಥೆಯೆಂದೇ ಹೆಸರು ಗಳಿಸಿದೆ. ಓಕ್ಲೆಂಡ್ ಎ’ಸ್ ಬೇಸ್‌ಬಾಲ್ ತಂಡ, ಅದರ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್, 2002ರ ಸತತ ಇಪ್ಪತ್ತು ಗೆಲುವು, ಇವನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಆಟಗಾರರಿಗೆ ಕೋಟಿಗಟ್ಟಲೆ ಡಾಲರ್ ಕೊಡುವುದು ಸರಿಯೇ ಎಂಬ ಚರ್ಚೆ ಎದ್ದಾಗ ಈ ಪುಸ್ತಕವನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಒಟ್ಟು ನಾಲ್ಕು ಕೋಟಿ ಡಾಲರ್ ಸಂಬಳದ ತಂಡ 103 ಪಂದ್ಯ ಗೆದ್ದಿತಲ್ಲ, ಇನ್ನೂ ಹೆಚ್ಚು ಏಕೆ ಸುರಿಯಬೇಕು ಎನ್ನುವುದು ಅವರ ವಾದ. ಪುಸ್ತಕ ಸೊಗಸಾಗಿ ಓದಿಸಿಕೊಳ್ಳುತ್ತದೆ. ಅಂಕಿಅಂಶದಂಥ ಒಣ ವಿಷಯಕ್ಕೆ ಲೂಯಿಸ್ ಜೀವ ತುಂಬಿದ್ದಾರೆ. ಆದರೂ ಅದರ ಕೀರ್ತಿ ಅದಕ್ಕೆ ಸಲ್ಲಬೇಕಾದದ್ದಕ್ಕಿಂತ ಬಹಳ ದೊಡ್ಡದು. ಅದು ಬಡವರ ಗೆಲುವಿನ ಕಥೆಯಲ್ಲ, ದುಡಿಯುವವನಿಗೆ ಕಡಿಮೆ ಕೊಟ್ಟು ಹೆಚ್ಚು ದುಡಿಸಿಕೊಂಡ ಕಥೆ.

ಜೆರೆಮಿ ಬ್ರೌನ್ ಪ್ರಸಂಗವನ್ನು ನಿಧಾನವಾಗಿ ಓದಿದರೆ ಇದು ತಿಳಿಯುತ್ತದೆ. ಅಲಬಾಮಾ ವಿಶ್ವವಿದ್ಯಾಲಯದ ಈ ಕ್ಯಾಚರ್ ದಪ್ಪ ಮೈಯವನೆಂದು ಪ್ರತಿಭೆ ಹುಡುಕುವ ಹಳೆಯ ಸ್ಕೌಟ್‌ಗಳು ಮೂಗು ಮುರಿಯುತ್ತಾರೆ. ಅವನ ಬ್ಯಾಟಿಂಗ್ ಅಂಕಿಗಳನ್ನು ನಂಬಿದ ಬೀನ್, ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ 2002ರ ಡ್ರಾಫ್ಟ್‌ನಲ್ಲಿ 35ನೇ ಆಯ್ಕೆಯಾಗಿ, ಮೊದಲ ಸುತ್ತಿನ ಗೌರವ ಕೊಟ್ಟು ಅವನನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೊಂದು ಷರತ್ತಿದೆ: ಆ ಸ್ಥಾನದವರಿಗೆ ಸಾಮಾನ್ಯವಾಗಿ ಸಿಗುವುದಕ್ಕಿಂತ ತೀರ ಕಡಿಮೆಯಾದ ಮೂರೂವರೆ ಲಕ್ಷ ಡಾಲರ್‌ಗೆ ಅವನು ಒಪ್ಪಬೇಕು. ಯಾರಿಗೂ ಬೇಡದ ಹುಡುಗನಿಗೆ ಬಾಗಿಲು ತೆರೆದ ಗಳಿಗೆಯಾಗಿ ಲೂಯಿಸ್ ಇದನ್ನು ಬರೆಯುತ್ತಾರೆ, ಓದುಗನ ಮನಸ್ಸೂ ಕರಗುತ್ತದೆ. ಆದರೆ ಬ್ರೌನ್ ಮೊದಲ ಸುತ್ತಿಗೆ ತಕ್ಕ ಆಟಗಾರನೆಂದು ಬೀನ್ ನಿಜವಾಗಿ ನಂಬಿದ್ದರೆ ಮೊದಲ ಸುತ್ತಿನ ಹಣವನ್ನು ಏಕೆ ಕೊಡಲಿಲ್ಲ? ಕೊಡಬೇಕಾದ ಒತ್ತಡವೇ ಇರಲಿಲ್ಲ ಎಂಬುದು ಉತ್ತರ. ಡ್ರಾಫ್ಟ್‌ನಲ್ಲಿ ಆಯ್ಕೆಯಾದವನು ಆ ಒಂದು ಕ್ಲಬ್ಬಿನ ಜೊತೆ ಮಾತ್ರ ಮಾತಾಡಬಹುದು. ಕಾಲೇಜಿನ ಕೊನೆಯ ವರ್ಷ ಮುಗಿಸಿದವನಿಗೆ ಕಾಯುತ್ತೇನೆ ಎನ್ನುವ ಧೈರ್ಯವೂ ಇರುವುದಿಲ್ಲ. ಕೊಳ್ಳುವವನು ಒಬ್ಬನೇ ಇರುವ ಕಡೆ ಬೆಲೆ ಇಳಿಯಲು ವಿಶೇಷ ಜಾಣ್ಮೆ ಬೇಕಿಲ್ಲ. ಈ ನಿಯಮಗಳನ್ನು ಲೂಯಿಸ್ ಮುಚ್ಚಿಡುವುದಿಲ್ಲ. ಮಳೆ ಬಿಸಿಲಿನಂತೆ ಅವು ಇದ್ದೇ ಇರುತ್ತವೆ ಎಂಬಂತೆ ದಾಟಿಹೋಗುತ್ತಾರೆ. ಪುಸ್ತಕದ ಕೊನೆಯಲ್ಲಿ ಬ್ರೌನ್ ಹೋಮ್ ರನ್ ಹೊಡೆಯುತ್ತಾನೆ, ಓದುಗನಿಗೆ ಲೆಕ್ಕ ಚುಕ್ತಾ ಆದ ಸಮಾಧಾನ ಸಿಗುತ್ತದೆ. ನಿಜಜೀವನದಲ್ಲಿ ಬ್ರೌನ್ ಆಡಿದ್ದು 2006ರ ಐದು ಮೇಜರ್ ಲೀಗ್ ಪಂದ್ಯಗಳನ್ನು. 2008ರಲ್ಲಿ ಆಟವನ್ನೇ ಬಿಟ್ಟರು.

ಪುಸ್ತಕದ ವಿರೋಧಿಗಳೂ ಅರ್ಧ ದಾರಿಯಲ್ಲೇ ನಿಂತಿದ್ದಾರೆ. ಓಕ್ಲೆಂಡನ್ನು ಗೆಲ್ಲಿಸಿದ್ದು ಬೀನ್ ಅವರ ಲೆಕ್ಕಾಚಾರವಲ್ಲ, ಹಡ್ಸನ್, ಮಲ್ಡರ್, ಜಿಟೊ ಎಂಬ ಮೂವರು ಪಿಚರ್‌ಗಳು ಮತ್ತು ಬ್ಯಾಟರ್ ತೆಹಾದಾ ಎಂದು ಅವರು ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದಾರೆ. ಮಾತು ನಿಜ. ಆದರೆ ಅಲ್ಲಿಂದ ಅವರು ಹಳೆಯ ಸ್ಕೌಟ್‌ಗಳನ್ನು ಹೊಗಳಲು ಹೊರಡುತ್ತಾರೆಯೇ ಹೊರತು ಆ ಮೂವರು ಒಂದೇ ಬಡ ತಂಡಕ್ಕೆ ಹೇಗೆ ದಕ್ಕಿದರು ಎಂದು ಕೇಳುವುದಿಲ್ಲ. ಮೇಜರ್ ಲೀಗ್‌ನಲ್ಲಿ ಆರು ವರ್ಷ ತುಂಬುವವರೆಗೆ ಆಟಗಾರ ಬೇರೆ ತಂಡಕ್ಕೆ ತಾನಾಗಿ ಹೋಗುವಂತಿಲ್ಲ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಕನಿಷ್ಠ ಸಂಬಳದ ಆಸುಪಾಸೇ ಗತಿ. 2002ರಲ್ಲಿ 23 ಪಂದ್ಯ ಗೆದ್ದು ಸೈ ಯಂಗ್ ಪ್ರಶಸ್ತಿ ಪಡೆದ ಬ್ಯಾರಿ ಜಿಟೊ ಅವರ ಆ ವರ್ಷದ ಸಂಬಳ ಮೂರು ಲಕ್ಷ ಡಾಲರ್ ಮುಟ್ಟಲಿಲ್ಲ. 2006ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅವರಿಗೆ ಏಳು ವರ್ಷಕ್ಕೆ 12.6 ಕೋಟಿ ಡಾಲರ್ ಕೊಟ್ಟಿತು. ಅಲ್ಲಿ ಅವರು ಹಳೆಯ ಮಟ್ಟ ಮುಟ್ಟಲೇ ಇಲ್ಲ, ಕೊಲ್ಲಿ ಪ್ರದೇಶದ ಅಭಿಮಾನಿಗಳು ವರ್ಷಗಟ್ಟಲೆ ಬೈದರು. 2012ರ ಪ್ಲೇಆಫ್‌ನಲ್ಲಿ ಸೇಂಟ್ ಲೂಯಿಸ್ ಎದುರು ಸೋತರೆ ಮನೆಗೆ ಎನ್ನುವಂಥ ಪಂದ್ಯವನ್ನು ಗೆಲ್ಲಿಸಿಕೊಟ್ಟ ಮೇಲಷ್ಟೇ ಬೈಗುಳ ತಗ್ಗಿತು. ದೊಡ್ಡ ಒಪ್ಪಂದವನ್ನು ಬೈದವರು ಅದಕ್ಕೆ ಮೊದಲಿನ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಕಿ ಉಳಿಸಿದ್ದು ಓಕ್ಲೆಂಡ್, ತೀರಿಸಿದ್ದು ಜೈಂಟ್ಸ್ ಎಂಬುದು ಜೈಂಟ್ಸ್‌ಗೆ ಅನ್ಯಾಯವಿರಬಹುದು. ಜಿಟೊ ಪಾಲಿಗೆ ಅದು ತಡವಾಗಿ ಬಂದ ಕೂಲಿ.

ಶಾಲೆಯ ಮೇಷ್ಟರಿಗೆ ಇಲ್ಲದ ಸಂಬಳ ಚೆಂಡೆಸೆಯುವವನಿಗೇಕೆ ಎಂಬ ಆಕ್ಷೇಪ ಪ್ರಾಮಾಣಿಕವಾದದ್ದು. ಮೇಷ್ಟರ ಸಂಬಳ ಏರಲೇಬೇಕು. ಆದರೆ ಜಿಟೊ ಸಂಬಳ ಕಡಿತವಾದರೆ ಆ ಹಣ ಶಾಲೆಗೆ ಹೋಗುವುದಿಲ್ಲ, ಕ್ಲಬ್ಬಿನ ಮಾಲೀಕನಿಗೆ ಉಳಿಯುತ್ತದೆ. ಟಿಕೆಟ್ಟೂ ಇಳಿಯುವುದಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಶಕಗಳ ಕಾಲ ಆಟಗಾರರಿಗೆ ಸಂಬಳವೇ ಇರಲಿಲ್ಲ. ಟಿಕೆಟ್ ಅಗ್ಗವಾಗಲಿಲ್ಲ, ಕೋಚ್‌ಗಳ ಸಂಬಳ ಹತ್ತಾರು ಲಕ್ಷ ಡಾಲರ್‌ಗೆ ಏರಿತು. ನಮ್ಮ ಐಪಿಎಲ್ ಹರಾಜಿನ ಕೋಟಿಗಳನ್ನು ಕಂಡು ಹುಬ್ಬೇರಿಸುವವರೂ ಈ ಲೆಕ್ಕ ನೋಡಬೇಕು. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು, ವರ್ಷಕ್ಕೆ 9,600 ಕೋಟಿಗೂ ಹೆಚ್ಚು. 2025ರಲ್ಲಿ ಹತ್ತು ತಂಡಗಳಿಗೆ ಆಟಗಾರರ ಹರಾಜಿಗಾಗಿ ಇದ್ದ ಮಿತಿ ತಲಾ 120 ಕೋಟಿ. ಪಂದ್ಯದ ಶುಲ್ಕದಂಥ ಹೆಚ್ಚುವರಿ ಹಣ ಬಿಟ್ಟರೆ ಇದು ಪ್ರಸಾರದ ಹಣವೊಂದರಲ್ಲೇ ಎಂಟನೇ ಒಂದು ಪಾಲು. ಬಲವಾದ ಸಂಘವಿರುವ ಎನ್‌ಬಿಎ ಆಟಗಾರರಿಗೆ ಆಟದ ಆದಾಯದ ಸುಮಾರು ಅರ್ಧ ಸಿಗುತ್ತದೆ.

ಆಟಗಾರರ ಸಂಬಳವನ್ನು ಮಾರುಕಟ್ಟೆಯ ತೀರ್ಪೆಂದು ಸಮರ್ಥಿಸುವವರ ಜೊತೆಗೂ ನನ್ನ ಜಗಳವಿದೆ, ಏಕೆಂದರೆ ಬೇಸ್‌ಬಾಲ್‌ನಲ್ಲಿ ಮುಕ್ತ ಮಾರುಕಟ್ಟೆ ಇರಲೇ ಇಲ್ಲ. ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿತು. ಓಕ್ಲೆಂಡ್‌ನಲ್ಲಿ ಬೆಳೆದ ಕರ್ಟ್ ಫ್ಲಡ್, ತನ್ನನ್ನು ಕೇಳದೆ ಬೇರೆ ತಂಡಕ್ಕೆ ಕೊಟ್ಟದ್ದನ್ನು ಪ್ರಶ್ನಿಸಿ 1972ರಲ್ಲಿ ಸೋತದ್ದು ಇದೇ ವಿನಾಯಿತಿಗೆ. ತಂಡ ಎಲ್ಲಿ ನೆಲೆಸಬೇಕೆಂಬುದಕ್ಕೂ ಇದೇ ಕಟ್ಟು. ಸ್ಯಾನ್ ಹೋಸೆಯ ನಮ್ಮ ಎವರ್‌ಗ್ರೀನ್ ಬಡಾವಣೆ ಇರುವ ಸ್ಯಾಂಟಾ ಕ್ಲಾರಾ ಕೌಂಟಿ ಪೂರ್ತಿ ಜೈಂಟ್ಸ್‌ನ ಹಕ್ಕಿನ ಪ್ರದೇಶ. ಎ’ಸ್ ತಂಡವನ್ನು ಇಲ್ಲಿಗೆ ತರಲು ಸ್ಯಾನ್ ಹೋಸೆ ನಗರ 2013ರಲ್ಲಿ ಹೂಡಿದ ಮೊಕದ್ದಮೆಯೂ 2015ರಲ್ಲಿ ಇದೇ ವಿನಾಯಿತಿಗೆ ಬಿದ್ದುಹೋಯಿತು. ಆಟಗಾರರ ಸಂಬಳ ಏರಿದ್ದು 1975ರಲ್ಲಿ ಅವರ ಸಂಘ ಮಧ್ಯಸ್ಥಗಾರನ ಮುಂದೆ ಗೆದ್ದ ಮೇಲೆ. ಸಂಘವಿಲ್ಲದಿದ್ದಾಗಿನ ಕಿರಿಯ ಲೀಗ್‌ಗಳ ಸ್ಥಿತಿಯೇ ಇದಕ್ಕೆ ರುಜುವಾತು. ಎವರ್‌ಗ್ರೀನ್‌ನಿಂದ ಕೆಲವೇ ಮೈಲಿ ದೂರದಲ್ಲಿ ಆಡುವ ಸ್ಯಾನ್ ಹೋಸೆ ಜೈಂಟ್ಸ್ ಮಟ್ಟದ ಹುಡುಗರಿಗೆ 2021ರಲ್ಲಿ ಕನಿಷ್ಠ ಸಂಬಳ ವಾರಕ್ಕೆ 500 ಡಾಲರ್, ಅದೂ ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ಮಾತ್ರ. ಇಂಥ ಆಟಗಾರರು 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಲೀಗ್ 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು, ಅದೇ ವರ್ಷ ಅವರು ಸಂಘಕ್ಕೆ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಆ ಮಟ್ಟದ ಕನಿಷ್ಠ ಸಂಬಳ ವರ್ಷಕ್ಕೆ 26,200 ಡಾಲರ್ ಆಯಿತು.