ನಡುಬೇಸಿಗೆಯ ಹಬ್ಬ ಯಾರದು?

ಎರಡು ಪ್ರಶ್ನೆಗಳಿಂದ ಆರಂಭಿಸುತ್ತೇನೆ. ಎರಡೂ ಒಂದೇ ಮನೆಯಿಂದ ಬಂದವು.

ಮೊದಲನೆಯದು ಹುಟ್ಟಿದ್ದು ಚೈತ್ರದ ಒಂದು ಮಧ್ಯಾಹ್ನ, ಶಂಕರಪುರದ ಬೀದಿಯಲ್ಲಿ. ರೋಗಿಯೊಬ್ಬರಿಗೆ ಪರಮಪ್ರಸಾದ ನೀಡಿ ಹಿಂದಿರುಗುತ್ತಿದ್ದೆ. ಜೊತೆಗೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿದ್ದರು. ಅಂದು ಶ್ರೀರಾಮನವಮಿ. ಬೀದಿಯ ತಿರುವಿನಲ್ಲಿ ಸಣ್ಣದೊಂದು ಚಪ್ಪರ, ಮೇಜಿನ ಮೇಲೆ ಪಾನಕದ ಕೊಳಗ, ನೀರುಮಜ್ಜಿಗೆ, ದೊನ್ನೆಗಳಲ್ಲಿ ಕೋಸಂಬರಿ. ವೃದ್ಧರೊಬ್ಬರು ದಾರಿಹೋಕರನ್ನೆಲ್ಲ ಕರೆಕರೆದು ಕೊಡುತ್ತಿದ್ದರು. ನಮಗೂ ನೀಡಿದರು. ನಾನು ಕೈಯೊಡ್ಡಿದೆ. ನನ್ನ ಸಂಗಡಿಗರು ಲೋಟವನ್ನು ಹಿಡಿದರು, ತುಟಿಗೆ ತಾಗಿಸಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು: "ಫಾದರ್, ಇದನ್ನು ನಾವು ಕುಡಿಯಬಹುದೇ? ಅದೂ ತಪಸ್ಸುಕಾಲದಲ್ಲಿ?"

ಎರಡನೆಯ ಪ್ರಶ್ನೆ ಅದೇ ವರ್ಷದ ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನನದ ಹಬ್ಬದ ಬಲಿಪೂಜೆಯ ನಂತರ ಬಂತು. ಕೇಳಿದವನು ಅದೇ ಹಿರಿಯರ ಮಗ, ಕಾಲೇಜು ವಿದ್ಯಾರ್ಥಿ. "ಫಾದರ್, ಈ ಹಬ್ಬ ಮೂಲದಲ್ಲಿ ನಮ್ಮದೇ ಅಲ್ಲವಂತೆ. ಯೂರೋಪಿನ ಪೇಗನ್ ಜನರ ನಡುಬೇಸಿಗೆಯ ಸೂರ್ಯನ ಹಬ್ಬಕ್ಕೆ ಧರ್ಮಸಭೆ ಒಬ್ಬ ಸಂತನ ಹೆಸರನ್ನು ಅಂಟಿಸಿತಂತೆ. ಹಾಗಿದ್ದರೆ ಉಳಿದ ಹಬ್ಬಗಳ ಕಥೆಯೇನು?"

ತಂದೆಗೆ ಪರರ ಹಬ್ಬ ತನಗೆ ಎಲ್ಲಿ ಅಂಟಿಕೊಳ್ಳುವುದೋ ಎಂಬ ಭಯ. ಮಗನಿಗೆ ತನ್ನ ಹಬ್ಬವೆಲ್ಲ ಅಂಟಿಸಿದ್ದೇ ಎಂಬ ಅನುಮಾನ. ಒಬ್ಬರು ಭಕ್ತರು, ಇನ್ನೊಬ್ಬ ಸಂದೇಹಿ. ಆದರೂ ಹಬ್ಬವೆಂದರೆ ಖಾತೆಪತ್ರವಿರುವ ನಿವೇಶನ, ಅದಕ್ಕೆ ಮೊದಲ ಮಾಲೀಕನೊಬ್ಬನಿರಬೇಕು, ಮಿಕ್ಕವರೆಲ್ಲ ಒತ್ತುವರಿದಾರರು ಎಂಬ ಭಾವನೆಯಲ್ಲಿ ಇಬ್ಬರೂ ಒಂದೇ.

ಮಗನ ಮಾತಿನ ಜಾಡು ಹಿಡಿದು ಹೋದರೆ ಬಹುಮಟ್ಟಿಗೆ ಒಂದು ಗ್ರಂಥದ ಬಾಗಿಲನ್ನು ತಲುಪುತ್ತೇವೆ: ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಫ್ರೇಜರ್ ಬರೆದ 'ದಿ ಗೋಲ್ಡನ್ ಬೌ'. 1890ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಈ ಕೃತಿ 1906ರಿಂದ 1915ರವರೆಗಿನ ಮೂರನೆಯ ಆವೃತ್ತಿಯಲ್ಲಿ ಹನ್ನೆರಡು ಸಂಪುಟಗಳಿಗೆ ಬೆಳೆಯಿತು. 1922ರ ಸಂಕ್ಷಿಪ್ತ ರೂಪ ಮನೆಮಾತಾಯಿತು. ಗುರುಮಠದ ದಿನಗಳಲ್ಲಿ ನಾನೂ ಅದನ್ನು ರಾತ್ರಿಗಟ್ಟಲೆ ಓದಿದೆ. ಅದರ ಸೊಗಸನ್ನು ಅಲ್ಲಗಳೆಯುವವನಲ್ಲ. ಐರ್ಲೆಂಡಿನಿಂದ ರಷ್ಯದವರೆಗೆ ಸಂತ ಯೊವಾನ್ನರ ಹಬ್ಬದ ಹಿಂದಿನ ರಾತ್ರಿ ಬೆಟ್ಟಗಳ ಮೇಲೆ ಹೊತ್ತಿಸುತ್ತಿದ್ದ ಬೆಂಕಿ, ಜ್ವಾಲೆಯ ಮೇಲೆ ಹಾರುವ ಯುವಕರು, ಹೊಗೆಯ ನಡುವೆ ಹಾಯಿಸಿದ ದನಗಳು, ಇಳಿಜಾರಿನಲ್ಲಿ ಉರುಳಿಬಿಟ್ಟ ಉರಿಯುವ ಚಕ್ರಗಳು, ಆ ರಾತ್ರಿ ಕಿತ್ತ ಮೂಲಿಕೆಗಳು, ಎಲ್ಲವನ್ನೂ ಅಲ್ಲಿ ಕಣ್ಣಿಗೆ ಕಟ್ಟುವಂತೆ ಪೋಣಿಸಿದ್ದಾರೆ. ಇವೆಲ್ಲ ಕ್ರೈಸ್ತ ಧರ್ಮಕ್ಕಿಂತ ಹಳೆಯವು, ಸಂತನ ಹೆಸರು ಮೇಲಿನ ತೆಳುವಾದ ಬಣ್ಣ ಮಾತ್ರ ಎಂಬುದು ಅವರ ನಿಲುವು.

ಆದರೆ ಅವರ ಹೆಸರು ಹೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಈ ಬೆಂಕಿಗಳು ಸೂರ್ಯನಿಗೆ ಬಲ ತುಂಬುವ ಮಾಟವೆಂಬ ವಾದ ಜರ್ಮನಿಯ ಮನ್‌ಹಾರ್ಟ್ ಅವರದು. ಫ್ರೇಜರ್ ಮೊದಲು ಅದನ್ನೇ ಒಪ್ಪಿದ್ದರು. ಮೂರನೆಯ ಆವೃತ್ತಿಯ ಹೊತ್ತಿಗೆ ಅವರ ಮನಸ್ಸು ಬದಲಾಗಿತ್ತು. ರೋಗ, ಪಿಡುಗು, ಮಾಟದ ಭಯಗಳನ್ನು ಸುಟ್ಟುಹಾಕುವ ಶುದ್ಧೀಕರಣವೇ ಆ ಬೆಂಕಿಯ ಉದ್ದೇಶವೆಂಬ ವೆಸ್ಟರ್‌ಮಾರ್ಕ್ ಅವರ ವಾದದ ಕಡೆಗೆ ಅವರು ವಾಲಿದರು. ಗುರು ಬಿಟ್ಟ ಸೂರ್ಯನನ್ನು ಶಿಷ್ಯರು ಇಂದಿಗೂ ಹಿಡಿದುಕೊಂಡಿದ್ದಾರೆ!

ನನ್ನ ಮುಖ್ಯ ಆಕ್ಷೇಪ ಬೇರೆಯದು. ಫ್ರೇಜರ್ ಕೇಂಬ್ರಿಜ್ಜಿನ ಪುಸ್ತಕಗಳ ನಡುವೆ ಕುಳಿತು ಲೋಕದ ಹಬ್ಬಗಳನ್ನು ಅವುಗಳ ಮಣ್ಣಿನಿಂದ ಕಿತ್ತು ಸಾಲಾಗಿ ಜೋಡಿಸಿದರು. ಸಾಲಿನಲ್ಲಿ ಇಟ್ಟಾಗ ಎಲ್ಲವೂ ಒಂದೇ ತರ ಕಾಣುವುದು ಸಹಜ. ಮರಳಿ ನೆಲದಲ್ಲಿ ನೆಟ್ಟು ನೋಡಬೇಕು.

ಅವರನ್ನೇ ಶಂಕರಪುರಕ್ಕೆ ಕರೆತಂದು ನಿಲ್ಲಿಸೋಣ. ಜೂನ್ 21ರ ನಡುಹಗಲು, ಮಳೆಮೋಡ ಸರಿದು ಬಿಸಿಲು ಬಿದ್ದರೆ, ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಏಕೆಂದರೆ ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಅಂದು ನಮ್ಮನ್ನು ದಾಟಿ ಉತ್ತರದಲ್ಲಿ ನಿಂತಿರುತ್ತಾನೆ. ಅವನು ನೆತ್ತಿಯ ಮೇಲೆ ಬರುವುದು ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಸ್ಟಾಕ್‌ಹೋಮಿನಲ್ಲಿ ಜೂನಿನ ಹಗಲು ಹದಿನೆಂಟು ಗಂಟೆಗೂ ಹೆಚ್ಚು. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ, ಶಾಲೆಗಳು ತೆರೆದಿರುತ್ತವೆ. ಸ್ವೀಡನ್ನಿನವರ ನಡುಬೇಸಿಗೆ ನಮಗೆ ಬೇಸಿಗೆಯೇ ಅಲ್ಲ. ಇಲ್ಲಿಂದ ಅನತಿ ದೂರದ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಇಳಿಹೊತ್ತಿನ ಕಿರಣ ಗವಿಯೊಳಗಿನ ಲಿಂಗವನ್ನು ಮುಟ್ಟುವುದನ್ನು ಕಾಣಲು ಜನ ಸೇರುವುದು ಜನವರಿಯ ಮಕರ ಸಂಕ್ರಾಂತಿಗೆ. ನಮ್ಮ ಹಿರಿಯರೂ ಸೂರ್ಯನನ್ನು ಗಮನಿಸಿದವರೇ. ಆದರೆ ಅವರು ಕಾದದ್ದು ಅವನ ಮತ್ತೊಂದು ತಿರುವಿಗೆ.

ಹಾಗಾದರೆ ನಮ್ಮ ನಡುಬೇಸಿಗೆ ಯಾವುದು? ಚೈತ್ರವೇ. ಬೆಲ್ಲ, ಏಲಕ್ಕಿ, ಶುಂಠಿ, ಮೆಣಸು ಬೆರೆಸಿದ ಪಾನಕ. ನೆನೆದ ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ. ಬೆವರಿದ ಶರೀರಕ್ಕೆ ಏನು ಬೇಕೆಂದು ಬಲ್ಲವರು ಮಾಡಿದ ಹಬ್ಬದಡುಗೆ ಇದು. ಪಕ್ಕದ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಹೆಸರಾದ ರಾಮೋತ್ಸವದ ಸಂಗೀತಕ್ಕೆ 1939ರಿಂದ ಆರಂಭವಾದ ಪರಂಪರೆಯಿದೆ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ.

ಈಗ ಒಂದು ಸಣ್ಣ ಪರೀಕ್ಷೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಹಿಂಬಾಲಿಸುವ ಭಾನುವಾರ ನಮ್ಮ ಪಾಸ್ಖ ಹಬ್ಬ. ಹಲವು ವರ್ಷ ಆ ಹುಣ್ಣಿಮೆ ಚೈತ್ರ ಪೂರ್ಣಿಮೆಯೇ ಆಗಿರುತ್ತದೆ. 2023ರಲ್ಲಿ ಚೈತ್ರ ಪೂರ್ಣಿಮೆ ಬಿದ್ದದ್ದು ಏಪ್ರಿಲ್ 6ರಂದು. ನಾವು ಪ್ರಭುವಿನ ಕಡೆಯ ಭೋಜನವನ್ನು ಸ್ಮರಿಸಿದ ಪವಿತ್ರ ಗುರುವಾರವೂ ಅದೇ ದಿನ. ಒಂದೇ ಚಂದ್ರ, ಒಂದೇ ನಗರ. ಇಷ್ಟರಿಂದಲೇ ಕರಗವೂ ಪಾಸ್ಖವೂ ಒಂದೇ ಮೂಲದವು, ಒಂದು ಇನ್ನೊಂದರ ಕಳವು ಎಂದು ಯಾರಾದರೂ ಹೇಳಿದರೆ ತಿಗಳರ ಪೇಟೆಯ ಮಗುವೂ ನಕ್ಕೀತು. ಬೆಂಗಳೂರಿನಲ್ಲಿ ನಗೆ ತರಿಸುವ ತರ್ಕ ಯೂರೋಪಿನ ವಿಷಯದಲ್ಲಿ ಪಾಂಡಿತ್ಯವಾಗುವುದು ಹೇಗೆ?

ಜೂನ್ ತಿಂಗಳಿಗೇ ಹೋಗೋಣ. ಉತ್ತರ ಕರ್ನಾಟಕದ ಕಾರಹುಣ್ಣಿಮೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಊರ ಅಗಸಿಯಲ್ಲಿ ಕರಿ ಹರಿಯುತ್ತಾರೆ. ಮುಂದೆ ಓಡಿ ಕರಿ ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷ ಬಿಳಿ ಬೆಳೆಯೋ ಕೆಂಪು ಬೆಳೆಯೋ ಎಂದು ಊಹಿಸುತ್ತಾರೆ. ಜೂನ್, ದನಗಳು, ಫಲದ ಹಾರೈಕೆ: ಫ್ರೇಜರ್ ಕಂಡಿದ್ದರೆ ತಕ್ಷಣ ತಮ್ಮ ಸಾಲಿಗೆ ಸೇರಿಸುತ್ತಿದ್ದರೇನೋ. ಆದರೆ ಕಾರಹುಣ್ಣಿಮೆಗೆ ಸೂರ್ಯನ ಹಂಗಿಲ್ಲ. ಜ್ಯೇಷ್ಠದ ಹುಣ್ಣಿಮೆ ಒಂದು ವರ್ಷ ಜೂನಿನ ಆರಂಭದಲ್ಲಿ ಬಂದರೆ ಇನ್ನೊಂದು ವರ್ಷ ಕೊನೆಗೆ ಸರಿಯುತ್ತದೆ. ಅದು ಬಿತ್ತನೆಯ ದುಡಿಮೆಗೆ ಮುನ್ನ ರೈತ ತನ್ನ ಜೊತೆಗಾರನಿಗೆ ಸಲ್ಲಿಸುವ ಗೌರವ. ಅಂದಹಾಗೆ, 'ಪೇಗನ್' ಪದದ ಲ್ಯಾಟಿನ್ ಮೂಲಕ್ಕೆ ಹಳ್ಳಿಗ ಎಂದೇ ಅರ್ಥ. ಆ ಪದವನ್ನು ಬೈಗುಳವಾಗಿ ಬಳಸುವ ನಮ್ಮ ಕೆಲವು ಪ್ರಬೋಧಕರು ಇದನ್ನು ನೆನಪಿಟ್ಟರೆ ಒಳ್ಳೆಯದು. ನಮ್ಮಲ್ಲಿ ಬಹುತೇಕರ ತಾತಂದಿರು ಹಳ್ಳಿಗರೇ.

ಇನ್ನು ಸಂತ ಯೊವಾನ್ನರ ಹಬ್ಬ. ಜೂನ್ 24 ಎಲ್ಲಿಂದ ಬಂತು? ದೇವದೂತ ಮರಿಯಮ್ಮನವರ ಬಳಿಗೆ ಬಂದಾಗ ಎಲಿಜಬೇತಮ್ಮನವರಿಗೆ ಆರನೆಯ ತಿಂಗಳು ಎನ್ನುತ್ತದೆ ಲೂಕನ ಶುಭಸಂದೇಶ. ಮಂಗಳವಾರ್ತೆಯ ಹಬ್ಬ ಮಾರ್ಚ್ 25. ಅಲ್ಲಿಂದ ಮೂರು ತಿಂಗಳು ಎಣಿಸಿ. 25 ಆಗದೆ 24 ಆದದ್ದೇಕೆ? ರೋಮನರು ದಿನಗಳನ್ನು ಮುಂದಿನ ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಕ್ರಿಸ್ಮಸ್ ಜನವರಿ ಒಂದರಿಂದ ಹಿಂದಕ್ಕೆ ಎಂಟನೆಯ ದಿನ, ಯೊವಾನ್ನರ ಹಬ್ಬ ಜುಲೈ ಒಂದರಿಂದ ಹಿಂದಕ್ಕೆ ಎಂಟನೆಯ ದಿನ. ಜೂನಿಗೆ ಮೂವತ್ತೇ ದಿನಗಳಿರುವುದರಿಂದ ಅದು 24 ಆಯಿತು. ಲೆಕ್ಕದ ಬೇರು ಶುಭಸಂದೇಶದಲ್ಲಿದೆ.

ಇಷ್ಟು ಹೇಳಿ ಗೆದ್ದೆನೆಂದು ಎದ್ದುಹೋದರೆ ನಾನು ಪ್ರಾಮಾಣಿಕನಲ್ಲ. ಆ ದಿನಗಳು ರೋಮನರ ಪಂಚಾಂಗದಲ್ಲಿ ಅಯನದ ದಿನಗಳೂ ಹೌದು. ಸಂತ ಅಗಸ್ಟೀನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಯೊವಾನ್ನರ ಹಬ್ಬದ ನಂತರ ಹಗಲು ಕುಗ್ಗುತ್ತದೆ, ಕ್ರಿಸ್ತರ ಜನನದ ನಂತರ ಹಿಗ್ಗುತ್ತದೆ ಎಂದು ಅವರು ಪ್ರಬೋಧಿಸಿದರು. ಆತ ಹೆಚ್ಚಬೇಕು, ತಾನು ಕಡಿಮೆಯಾಗಬೇಕು ಎಂದ ಯೊವಾನ್ನರ ಮಾತಿಗೆ ಆಕಾಶವನ್ನೇ ಸಾಕ್ಷಿಯಾಗಿ ಕರೆದರು. ಅದೇ ಅಗಸ್ಟೀನರು ತಮ್ಮ ಕ್ರೈಸ್ತರು ಈ ಹಬ್ಬದಂದು ಹಳೆಯ ರೂಢಿಯಂತೆ ಸಮುದ್ರಕ್ಕೆ ಹೋಗಿ ಮುಳುಗೇಳುವುದನ್ನು ಕಂಡು ಗದರಿದ್ದೂ ಉಂಟು. ಬೆಟ್ಟದ ಬೆಂಕಿಯ ವಿಷಯದಲ್ಲೂ ಫ್ರೇಜರ್ ಹೇಳುವುದರಲ್ಲಿ ಹುರುಳಿದೆ. ಅದನ್ನು ಯಾವ ಧರ್ಮಾಧ್ಯಕ್ಷರೂ ಹೊತ್ತಿಸಲಿಲ್ಲ, ಜನ ತಂದರು. 601ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಅವರಿಗೆ ಪತ್ರ ಬರೆದು, ಗುಡಿಗಳನ್ನು ಕೆಡವಬೇಡಿ, ಜನರ ಹಬ್ಬದೂಟವನ್ನು ಕಸಿಯಬೇಡಿ, ಅದನ್ನು ದೇವರ ಸ್ತುತಿಯ ಕಡೆಗೆ ತಿರುಗಿಸಿ ಎಂದು ತಿಳಿಸಿದರು. ಇದನ್ನು ಜಾಣತನವೆನ್ನುವವರಿದ್ದಾರೆ, ನನಗೆ ಇದರಲ್ಲಿ ಕರುಣೆ ಕಾಣುತ್ತದೆ. ಆ ಕರುಣೆ ಎಲ್ಲೆಡೆ ಉಳಿಯಲಿಲ್ಲವೆಂಬುದೂ ನಿಜ. ಪೆರು ದೇಶದ ಇಂಕಾ ಜನರ ಸೂರ್ಯೋತ್ಸವ 'ಇಂತಿ ರೈಮಿ' ಸ್ಪೇನಿನವರ ಆಳ್ವಿಕೆಯಲ್ಲಿ ನಿಷೇಧಕ್ಕೊಳಗಾಯಿತು. ಕುಸ್ಕೊ ನಗರದಲ್ಲಿ ಅದು ಪುನಃ ಬಯಲಿಗೆ ಬಂದದ್ದು 1944ರಲ್ಲಿ. ಈಗ ಅದು ನಡೆಯುವುದು ಜೂನ್ 24ರಂದೇ! ಆದರೆ ದಕ್ಷಿಣಾರ್ಧಗೋಳದಲ್ಲಿ ಅದು ನಡುಚಳಿಗಾಲ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಗೋವೆಯದು. ಪೋರ್ಚುಗಲ್ಲಿನಲ್ಲಿ ಸಂತ ಯೊವಾನ್ನರ ರಾತ್ರಿ ಎಂದರೆ ಬೆಂಕಿ. ಹಬ್ಬ ಹಡಗೇರಿ ಗೋವೆಗೆ ಬಂದಾಗ ಜೂನ್ 24ಕ್ಕೆ ಜಡಿಮಳೆ. ಆ ಮಳೆಯಲ್ಲಿ ಬೆಂಕಿ ಹೊತ್ತೀತೇ? ತಲೆಗೆ ಹೂಬಳ್ಳಿಗಳ ಕಿರೀಟ ಧರಿಸಿ ಗೋವೆಯ ಯುವಕರು ತುಂಬಿದ ಬಾವಿಗೆ, ಹಳ್ಳಕ್ಕೆ ಹಾರುತ್ತಾರೆ. ಹೊಸ ಅಳಿಯಂದಿರಿಗೆ ಅಂದು ವಿಶೇಷ ಮರ್ಯಾದೆ. ತಾಯಿಯ ಗರ್ಭದಲ್ಲಿ ಶಿಶು ಯೊವಾನ್ನ ಸಂತೋಷದಿಂದ ನಲಿದಾಡಿದ್ದರ ನೆನಪು ಆ ಹಾರುವಿಕೆ ಎನ್ನುತ್ತಾರೆ. ಹಬ್ಬ ಒಂದೇ, ಹಾರುವುದೂ ಒಂದೇ. ಬೆಂಕಿಯಿದ್ದಲ್ಲಿ ನೀರು ಬಂತು. ಸ್ನಾನದೀಕ್ಷೆ ಕೊಟ್ಟ ಸಂತನಿಗೆ ಯಾವುದು ಹೆಚ್ಚು ಒಪ್ಪುತ್ತದೆಂದು ನೀವೇ ಹೇಳಿ.

ಇಷ್ಟನ್ನೂ ಮಗನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿ, "ಹಾಗಾದರೆ ಅವರು ಹೇಳುವುದರಲ್ಲಿ ಅರ್ಧ ನಿಜ" ಎಂದ. ಅರ್ಧ ನಿಜವೇ; ಬೆಂಕಿ ಹಳೆಯದು, ಯೊವಾನ್ನರು ಹಳ್ಳಿಗರ ಸೂರ್ಯನಲ್ಲ. ಮುಂದಿನ ಜೂನ್ 24ಕ್ಕೂ ಅವನು ಬಲಿಪೂಜೆಗೆ ಬಂದಿದ್ದ. ಪೂರ್ತಿ ಒಪ್ಪಿದನೋ ಇಲ್ಲವೋ ತಿಳಿಯದು.

ತಂದೆಯ ಪ್ರಶ್ನೆ ಇನ್ನೂ ಕಷ್ಟದ್ದು. ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಬಗ್ಗೆ ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಒಂದೇ ಸಾಲಿನ ಉತ್ತರವಲ್ಲ. ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಿ ಎನ್ನುತ್ತಾರೆ. ಇನ್ನೊಬ್ಬರ ಮನಸ್ಸಾಕ್ಷಿಗೆ ನೋವಾಗುವುದಾದರೆ ಬಿಡಿ ಎಂದೂ ಎನ್ನುತ್ತಾರೆ. ಆದ್ದರಿಂದ ಹಿಂಜರಿದವರನ್ನು ನಾನು ಹಂಗಿಸಲಾರೆ. ಆದರೆ ಅಂದು ಆ ವೃದ್ಧರು ನಮ್ಮ ಕೊರಳಿನ ಶಿಲುಬೆಯನ್ನು ಕಂಡೂ ಕರೆದಿದ್ದರು. ಬಿಸಿಲು ಅವರಿಗೂ ನಮಗೂ ಒಂದೇ ಆಗಿತ್ತು. ಇನ್ನು ತಪಸ್ಸುಕಾಲದ ಮಾತು: ಕೋಸಂಬರಿಗಿಂತ ಹೆಚ್ಚಿನ ಉಪವಾಸದೂಟ ನಮ್ಮ ಎಷ್ಟು ಮನೆಗಳಲ್ಲಿದೆ?

"ನಿಮಗೆ ಬಾಯಾರಿಕೆ ಆಗಿದೆಯೇ?" ಎಂದಷ್ಟೇ ಕೇಳಿದೆ. ಅವರು ಹೂಂಗುಟ್ಟಿ, ಕಣ್ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡು ಕುಡಿದರು. ಖಾಲಿ ಲೋಟವನ್ನು ಎಲ್ಲಿಡಬೇಕೆಂದು ತೋಚದೆ ನಿಂತಿದ್ದಾಗ ವೃದ್ಧರು ಅದನ್ನು ಕೈಯಿಂದ ತೆಗೆದುಕೊಂಡು, ಕೇಳದೆಯೇ ಮತ್ತೆ ತುಂಬಿಸಿಕೊಟ್ಟರು.