ಒತ್ತಕ್ಷರಕ್ಕೂ ಜಾಗ ಬಿಡಿ

ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ಹುಡುಗಿಯರು ಈಗ ಕೆಲಸದ ಅರ್ಜಿಯ ಜೊತೆಗೆ ತಮ್ಮ ಪೋರ್ಟ್‌ಫೋಲಿಯೊ ಸೈಟಿನ ಲಿಂಕನ್ನೂ ಕಳಿಸುತ್ತಾರೆ. ತೆರೆದು ನೋಡಿದರೆ ಬಹುಪಾಲು ಒಂದೇ ಅಚ್ಚು. ಕಪ್ಪು ಹಿನ್ನೆಲೆ, ಟೈಪ್‌ರೈಟರಿನಲ್ಲಿ ಕುಟ್ಟಿದ ಹಾಗೆ ಒಂದೊಂದೇ ಅಕ್ಷರವಾಗಿ ಮೂಡುವ ಹೆಸರು, ಅದರ ಕೆಳಗೆ ಎಚ್‌ಟಿಎಂಎಲ್ ಶೇ 90, ಜಾವಾಸ್ಕ್ರಿಪ್ಟ್ ಶೇ 75 ಎಂದು ತುಂಬಿಕೊಳ್ಳುವ ಬಣ್ಣದ ಪಟ್ಟಿಗಳು. ಬಾಕಿ ಶೇ 25ರಲ್ಲಿ ಏನೇನಿದೆ ಅಂತ ಕೇಳಬೇಕೆನಿಸುತ್ತದೆ. ಇನ್ನು ಪ್ರಾಜೆಕ್ಟುಗಳೋ, ಕ್ಯಾಲ್ಕ್ಯುಲೇಟರ್, ಟು-ಡು ಲಿಸ್ಟ್, ಹವಾಮಾನ ತೋರಿಸುವ ಪುಟ. ಕಲಿಯುವಾಗ ಇವನ್ನೆಲ್ಲ ಮಾಡಲೇಬೇಕು, ಒಪ್ಪಿದೆ. ಊರಿಗೆಲ್ಲ ತೋರಿಸಬೇಕೆ?

ನನ್ನ ಲೆಕ್ಕದಲ್ಲಿ ಸೈಟೇ ಮೊದಲ ಪ್ರಾಜೆಕ್ಟು. ಅದನ್ನೇ ಟೆಂಪ್ಲೇಟಿನಿಂದ ಎತ್ತಿಕೊಂಡರೆ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಕಲಿಯುವ ಕ್ರಮಕ್ಕೆ ತಲೆಕೆಡಿಸಿಕೊಳ್ಳುವುದೂ ಬೇಡ. ವೆಬ್‌ನ ಭಾಷೆಗಳು ಹುಟ್ಟಿದ ಕ್ರಮದಲ್ಲೇ ಕಲಿತರಾಯಿತು. ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಮೊದಲ ವೆಬ್‌ಸೈಟ್ ಕಟ್ಟಿದಾಗ ಇದ್ದದ್ದು ಎಚ್‌ಟಿಎಂಎಲ್ ಮಾತ್ರ. ಅಂದಚಂದದ ಸಿಎಸ್‌ಎಸ್ ಪ್ರಸ್ತಾಪವಾದದ್ದು 1994ರಲ್ಲಿ. ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದು ಮುಗಿಸಿದ್ದು 1995ರಲ್ಲಿ. ಸರ್ನ್ ಇಂದಿಗೂ ಆ ಮೊದಲ ಪುಟಗಳ ಪ್ರತಿಯನ್ನು ಇಟ್ಟಿದೆ. ನಿಮ್ಮ ಫೋನಿನಲ್ಲಿ ತೆರೆದರೂ ಸಲೀಸಾಗಿ ಓದಬಹುದು. ಮೂರು ವರ್ಷ ಹಿಂದಿನ ಎಷ್ಟೋ ಥಳಕಿನ ಸೈಟುಗಳ ಬಗ್ಗೆ ಈ ಮಾತು ಹೇಳಲಾರೆ.

ಕೈಯಾರೆ ಬರೆದ ಪುಟ ಸಿದ್ಧವಾಯಿತೇ? ಈಗ ನಿಮ್ಮ ಪರಿಚಯವನ್ನು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷಿನಲ್ಲಿ ಮುಚ್ಚಿಹೋಗಿದ್ದ ಹುಳುಕೆಲ್ಲ ಹೊರಬೀಳುತ್ತದೆ. ದೊಡ್ಡ ಶೀರ್ಷಿಕೆಗೆ ಸಾಲಿನ ಎತ್ತರ 1.1 ಇಡುವುದು ಇಂಗ್ಲಿಷ್ ವಿನ್ಯಾಸದವರ ಅಭ್ಯಾಸ. ಅವರ ಅಕ್ಷರಗಳಿಗೆ ಕೆಳಗೆ ಇಳಿಯುವ ಬಾಲ ಕಡಿಮೆ, ನಡೆಯುತ್ತದೆ. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೇ ಹೋಗಿ ಢಿಕ್ಕಿ ಹೊಡೆಯುತ್ತವೆ. ಪೆಟ್ಟಿಗೆಯ ಹೊರಗೆ ಚಾಚಿದ್ದನ್ನು ಕತ್ತರಿಸು ಅಂತ ಸಿಎಸ್‌ಎಸ್‌ನಲ್ಲಿ ಹೇಳಿದ್ದರಂತೂ ಕೃಷ್ಣಪ್ಪ ಹೋಗಿ ಕಷಪ ಆದಾರು. 1.7ರ ಆಸುಪಾಸು ಇಡಿ, ಪುಟ ಉಸಿರಾಡುತ್ತದೆ.

ಆ ಟೈಪ್‌ರೈಟರ್ ಚಮತ್ಕಾರದ ಬಣ್ಣ ಬಯಲಾಗುವುದೂ ಇಲ್ಲೇ. ‘ಲಕ್ಷ್ಮಿ’ ನಮಗೆ ಎರಡೇ ಅಕ್ಷರ. ಯುನಿಕೋಡ್‌ನಲ್ಲಿ ಕೂತಿರುವುದು ಏಳು ಸಂಕೇತ. ಎಷ್ಟುದ್ದ ಅಂತ ಜಾವಾಸ್ಕ್ರಿಪ್ಟನ್ನು ಕೇಳಿದರೆ ಏಳು ಅಂತಲೇ ಹೇಳುತ್ತದೆ. ಒಂದೊಂದಾಗಿ ಮೂಡಿಸಿದಿರೋ, ಪರದೆಯ ಮೇಲೆ ಬರುವುದು ಹೀಗೆ: ಲ, ಲಕ, ಲಕ್, ಲಕ್ಷ, ಲಕ್ಷ್, ಲಕ್ಷ್ಮ, ಲಕ್ಷ್ಮಿ. ಒಂದನೇ ತರಗತಿಯ ಮಗು ತಡವರಿಸಿಕೊಂಡು ಓದಿದ ಹಾಗೆ. ಮಗುವಾದರೆ ಮುದ್ದಾಗಿರುತ್ತದೆ, ಉದ್ಯೋಗಾರ್ಥಿಗೆ ಯಾಕೆ ಇದು?

ಕನ್ನಡಕ್ಕೆ ಇಟ್ಯಾಲಿಕ್ ಹಾಕಬೇಡಿ. ನಮ್ಮ ಬಹುತೇಕ ಫಾಂಟುಗಳಲ್ಲಿ ಅದಕ್ಕೆಂದೇ ಬರೆದ ಅಕ್ಷರರೂಪವಿಲ್ಲ, ಬ್ರೌಸರೇ ಅಕ್ಷರವನ್ನು ಹಿಡಿದು ವಾಲಿಸುತ್ತದೆ. ಎರಡೂ ಅಂಚು ಸಮ ಮಾಡುವ ಆಸೆಯೂ ಬೇಡ. ‘ಹೋಗಬೇಕಾಗಿತ್ತಲ್ಲವೇ’ ಥರದ ಉದ್ದುದ್ದ ಪದಗಳು ಫೋನಿನ ಕಿರಿದಾದ ಪರದೆಯಲ್ಲಿ ಇಡಿಯಾಗಿ ಕೆಳಗಿನ ಸಾಲಿಗೆ ಜಿಗಿದು, ಮೇಲಿನ ಸಾಲಿನಲ್ಲಿ ಹೊಂಡ ಬಿಡುತ್ತವೆ. ಫಾಂಟಿಗೇನೂ ಬರವಿಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಎಲ್ಲವೂ ಪುಕ್ಕಟೆ. ನಾನಂತೂ ದೀರ್ಘ ಬರಹಕ್ಕೆ ತಿರೊ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲೇ ನಮೂದಿಸಿ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಕನ್ನಡದ ದನಿ ಆರಿಸಿಕೊಳ್ಳುವುದು ಅದನ್ನು ನೋಡಿಯೇ.

ಪ್ರಾಜೆಕ್ಟಿನ ಮಾತಿಗೆ ಬಂದರೆ, ಮನೆಯವರೊಬ್ಬರಿಗಾದರೂ ದಿನವೂ ಬೇಕಾದದ್ದನ್ನು ಕಟ್ಟಿ. ಶಿವಮೊಗ್ಗ ಕಡೆಯ ತೋಟದ ಮನೆಯವರಾದರೆ ಅಜ್ಜನಿಗೊಂದು ಅಡಿಕೆ ಧಾರಣೆ ಪುಟ ಮಾಡಿಕೊಡಿ: ರಾಶಿ, ಬೆಟ್ಟೆ, ಸರಕು, ಗೊರಬಲು, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ದರ. ಇಷ್ಟು ಚಿಕ್ಕ ಕೋಷ್ಟಕವೂ ಫೋನಿನಲ್ಲಿ ಪಕ್ಕಕ್ಕೆ ಉಕ್ಕಿ ಹರಿಯುತ್ತದೆ. ಅದನ್ನು ಪಳಗಿಸುವಷ್ಟರಲ್ಲಿ ಸಿಎಸ್‌ಎಸ್ ಗ್ರಿಡ್ ತಾನಾಗಿ ಕೈಗೆ ಹತ್ತಿರುತ್ತದೆ. ಅಜ್ಜ ಕನ್ನಡಕವಿಲ್ಲದೆ ಓದಲಿ ಎಂದು ಅಕ್ಷರ ದೊಡ್ಡದು ಮಾಡುತ್ತೀರಿ, ನೆಟ್‌ವರ್ಕ್ ಸರಿಯಾಗಿ ಸಿಗದ ತೋಟದಲ್ಲೂ ತೆರೆಯಲಿ ಎಂದು ಭಾರದ ಚಿತ್ರಗಳನ್ನು ತೆಗೆದುಹಾಕುತ್ತೀರಿ. ಸಂದರ್ಶನದಲ್ಲಿ ‘ಇದನ್ನು ಹೀಗೇ ಯಾಕೆ ಮಾಡಿದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಟು-ಡು ಲಿಸ್ಟಿನವರು ಅಲ್ಲಿ ತಬ್ಬಿಬ್ಬು; ನಿಮ್ಮ ಬಳಿ ಒಂದೊಂದಕ್ಕೂ ಕಾರಣವಿರುತ್ತದೆ.

ಪ್ರಕಟಿಸಲು ದುಡ್ಡು ಬೇಕಿಲ್ಲ, ಗಿಟ್‌ಹಬ್ ಪೇಜಸ್ ಪುಕ್ಕಟೆಯಾಗಿ ಜಾಗ ಕೊಡುತ್ತದೆ. ಸ್ವಂತ ಡೊಮೈನಿಗೆ ಮಾತ್ರ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಸಂಬಳ ಶುರುವಾದ ಮೇಲೆ ನೋಡಿಕೊಳ್ಳಿ. ಫೋನ್ ನಂಬರ್ ಹಾಕಬೇಡಿ, ಇಮೇಲ್ ಸಾಕು. ಆ ಶೇಕಡಾ ಪಟ್ಟಿಗಳನ್ನು ಇವತ್ತೇ ಅಳಿಸಿಬಿಡಿ.